ಬಿಟ್ಟುಹೋದವರ ಲೆಕ್ಕ ಯಾರ ಬಳಿ ಇದೆ?

ಪಂಚಾಯಿತಿಗಳಿಗೆ ಅಧಿಕಾರ ಹಂಚುವುದರಲ್ಲಿ ಕರ್ನಾಟಕ ದೇಶಕ್ಕೇ ಮೊದಲು ಎಂಬ ಸುದ್ದಿ 2025ರ ಫೆಬ್ರುವರಿಯಲ್ಲಿ ಬಂತು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಹೊರತಂದ ವರದಿಯಲ್ಲಿ ನಮ್ಮ ರಾಜ್ಯಕ್ಕೆ 72.23 ಅಂಕ, ಕೇರಳಕ್ಕೆ 70.59, ತಮಿಳುನಾಡಿಗೆ 68.38. ಸಂತೋಷಪಡಬೇಕಾದ ಸಂಗತಿಯೇ. ಆದರೆ ಅದೇ ವರದಿಯನ್ನು ವಿಭಾಗವಾರು ಬಿಡಿಸಿ ನೋಡಿದರೆ ಹಣಕಾಸು ಮತ್ತು ಲೆಕ್ಕಪತ್ರದ ಹೊಣೆಗಾರಿಕೆಯಲ್ಲಿ ಮೊದಲಿರುವ ಕರ್ನಾಟಕ, ಪಂಚಾಯಿತಿಗೆ ಸಿಬ್ಬಂದಿ ಒದಗಿಸುವ ವಿಷಯದಲ್ಲಿ ಆ ಸ್ಥಾನವನ್ನು ಗುಜರಾತಿಗೆ ಬಿಟ್ಟುಕೊಟ್ಟಿದೆ. ನಮ್ಮ ಗ್ರಾಮ ಪಂಚಾಯಿತಿಗಳ ಸಮಾಜಸೇವೆಯ ಕಥೆಯೂ ಇದೇ. ಹಣ ಇದೆ, ಲೆಕ್ಕ ಇದೆ, ಸಭೆಯೂ ನಡೆಯುತ್ತದೆ. ಕಷ್ಟದಲ್ಲಿರುವ ಮನೆಯ ಜಗಲಿಯ ಮೇಲೆ ಅರ್ಧ ಗಂಟೆ ಕೂತು ಮಾತಾಡಿಸಿ, ಮುಂದಿನ ತಿಂಗಳು ಮತ್ತೆ ಬಂದು ನೋಡುವವರು ಮಾತ್ರ ಇಲ್ಲ.

ಕಾನೂನಿನಲ್ಲಿ ಏನೂ ಕೊರತೆಯಿಲ್ಲ. ಸಂವಿಧಾನದ 73ನೇ ತಿದ್ದುಪಡಿ ತಂದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆಂದು ಗುರುತಿಸಿದ 29 ವಿಷಯಗಳಿವೆ. ಮಹಿಳೆಯರ ಮತ್ತು ಮಕ್ಕಳ ಅಭಿವೃದ್ಧಿ, ಅಂಗವಿಕಲರನ್ನೂ ಒಳಗೊಂಡ ಸಮಾಜ ಕಲ್ಯಾಣ, ದುರ್ಬಲ ವರ್ಗಗಳ ಕಲ್ಯಾಣ ಇವು ಕ್ರಮವಾಗಿ 25, 26 ಮತ್ತು 27ನೆಯವು. ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಸಾಮಾಜಿಕ ನ್ಯಾಯ ಸಮಿತಿ ಇರಲೇಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಹಿತ ಕಾಯುವುದು, ಶೋಷಣೆಯಿಂದ ರಕ್ಷಿಸುವುದು, ಮಹಿಳೆಯರ ಮತ್ತು ಮಕ್ಕಳ ಸ್ಥಿತಿ ಸುಧಾರಿಸುವುದು ಅದರ ಕೆಲಸ. ಹೆಚ್ಚಿನ ಪಂಚಾಯಿತಿಗಳಲ್ಲಿ ಈ ಸಮಿತಿ ಬದುಕಿರುವುದು ನಡಾವಳಿ ಪುಸ್ತಕದಲ್ಲಿ. ಸಾಮಾನ್ಯ ಸಭೆ ಮುಗಿದ ಮೇಲೆ ಪುಸ್ತಕ ತಿರುಗಿಸಿ ಸಹಿ ಹಾಕಿಸಿಕೊಂಡರೆ ಅದರ ಸಭೆಯೂ ಮುಗಿಯಿತು. ಚರಂಡಿ ಯಾವ ವಾರ್ಡಿಗೆ ಎಂಬುದಕ್ಕೆ ಜಗಳವಾಗುತ್ತದೆ, ಸಾಮಾಜಿಕ ನ್ಯಾಯ ಸಮಿತಿಯ ವಿಷಯಪಟ್ಟಿಗೆ ಯಾರೂ ಜಗಳ ಕಾಯುವುದಿಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು. ನಿಯಮ ಒಳ್ಳೆಯದು. ಆದರೆ ಶೇ 5 ಎಂದರೆ ಎಷ್ಟು ಎಂದು ಯಾರಾದರೂ ಕೂಡಿ ಕಳೆದಿದ್ದಾರೆಯೇ? ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ತೆರಿಗೆ ವಸೂಲಾಗುವ ಪಂಚಾಯಿತಿ ಎಂದಿಟ್ಟುಕೊಳ್ಳಿ. ಅದರ ಶೇ 5 ಎಂದರೆ 50,000 ರೂಪಾಯಿ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಅಂಗವೈಕಲ್ಯ ಇರುವವರು 13.24 ಲಕ್ಷ, ಅಂದರೆ ನೂರಕ್ಕೆ ಇಬ್ಬರಿಗಿಂತ ತುಸು ಹೆಚ್ಚು. ಆರು ಸಾವಿರ ಜನಸಂಖ್ಯೆಯ ಪಂಚಾಯಿತಿಯಲ್ಲಿ ಇಂಥವರು ಸುಮಾರು 130 ಮಂದಿ ಇರಬಹುದು. ಹಂಚಿದರೆ ತಲೆಗೆ ವರ್ಷಕ್ಕೆ ನಾನೂರು ರೂಪಾಯಿಯೂ ಬರುವುದಿಲ್ಲ. ಕೈಗಾರಿಕೆ, ಬಡಾವಣೆಗಳಿರುವ ಬೆಂಗಳೂರು ಸುತ್ತಲಿನ ಪಂಚಾಯಿತಿಗೂ ಮಳೆ ನಂಬಿ ಕೂತ ಕಲ್ಯಾಣ ಕರ್ನಾಟಕದ ಪಂಚಾಯಿತಿಗೂ ಒಂದೇ ಶೇಕಡಾವಾರು ಎಂದರೆ, ಬಡ ಊರಿನ ವಿಕಲಚೇತನರು ಬಡ ಊರಿನಲ್ಲಿ ಹುಟ್ಟಿದ ತಪ್ಪಿಗೂ ದಂಡ ಕಟ್ಟುತ್ತಾರೆ.

ಈ ಇಷ್ಟು ಹಣವಾದರೂ ಹೇಗೆ ಖರ್ಚಾಗುತ್ತದೆ? ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ, ಅನುದಾನ ವಾಪಸು ಹೋದೀತೆಂಬ ಗಾಬರಿಯಲ್ಲಿ. ಊರುಗೋಲು, ನೀರಿನ ಫಿಲ್ಟರು, ಕುರ್ಚಿ, ಸೋಲಾರ್ ದೀಪ ಬರುತ್ತವೆ. ಅಧ್ಯಕ್ಷರು, ಸದಸ್ಯರು ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬಳಕೆ ಪ್ರಮಾಣಪತ್ರ ತಾಲ್ಲೂಕಿಗೆ ಹೋಗುತ್ತದೆ. ತ್ರಿಚಕ್ರ ವಾಹನ ಪಡೆದವರ ಮನೆಬಾಗಿಲಿನ ಅಗಲ ಎಷ್ಟು, ಓಣಿಯಲ್ಲಿ ಕಲ್ಲೆಷ್ಟು ಎಂದು ಮೊದಲೇ ಹೋಗಿ ನೋಡಿದವರಿಲ್ಲ. ಕಿವಿಯ ಯಂತ್ರ ಕೊಟ್ಟವರು ಅದರ ಬ್ಯಾಟರಿ ಮುಗಿದಾಗ ಏನು ಮಾಡಬೇಕೆಂದು ಹೇಳಿಕೊಟ್ಟಿಲ್ಲ. ವಸ್ತು ಹಂಚುವುದು ಖರೀದಿಯ ಕೆಲಸ. ಹಂಚಿದ ವಸ್ತು ಬದುಕಿಗೆ ಒದಗಿತೇ ಎಂದು ನೋಡುವುದು ಸಮಾಜಸೇವೆ. ನಮ್ಮಲ್ಲಿ ಮೊದಲನೆಯದಕ್ಕೆ ಲೆಕ್ಕಪರಿಶೋಧನೆ ಇದೆ, ಎರಡನೆಯದನ್ನು ಕೇಳುವವರೇ ಇಲ್ಲ.

ಪಂಚಾಯಿತಿ ಕಚೇರಿಯ ಮುಂದಿನ ಇಳಿಜಾರನ್ನೇ ನೋಡಿ. ಗಾಲಿಕುರ್ಚಿ ಹತ್ತಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎಂಬುದು ದೇಶದಲ್ಲಿ ಒಪ್ಪಿತವಾದ ಅಳತೆ. ಕಟ್ಟಡದ ತಳಪಾಯ ನೆಲದಿಂದ ಎರಡು ಅಡಿ ಮೇಲಿದ್ದರೆ 24 ಅಡಿಯ ಇಳಿಜಾರು, ಎರಡೂ ಬದಿಗೆ ಹಿಡಿಗಂಬಿ. ಎಷ್ಟೋ ಕಚೇರಿಗಳಲ್ಲಿ ಮೆಟ್ಟಿಲ ಪಕ್ಕದಲ್ಲಿ ಉಳಿದ ಆರೇಳು ಅಡಿ ಜಾಗದಲ್ಲಿ ಸಿಮೆಂಟು ಸುರಿದು ಮುಗಿಸಿದ್ದಾರೆ. ಅದರಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಒಬ್ಬರೇ ಮೇಲೆ ಹೋಗಲಾಗದು, ಇಳಿಯುವಾಗ ತಡೆಯಲೂ ಆಗದು. ಹಿಡಿಗಂಬಿ ಇಲ್ಲ. ಬಹಳ ಕಡೆ ಅದು ಬೈಕು ಹತ್ತಿಸಿ ನಿಲ್ಲಿಸಲು ಅನುಕೂಲವಾಗಿದೆ. ಆದರೂ ತಪಾಸಣಾ ನಮೂನೆಯಲ್ಲಿ ‘ಇಳಿಜಾರು ಇದೆಯೇ’ ಎಂಬ ಪ್ರಶ್ನೆಯ ಮುಂದೆ ‘ಇದೆ’ ಎಂದೇ ಬರೆದಿರುತ್ತದೆ. ಇಡೀ ವ್ಯವಸ್ಥೆಯ ರೋಗ ಈ ಒಂದು ಉತ್ತರದಲ್ಲಿದೆ.

ಹಾಗಾದರೆ ಈ ಕೆಲಸಕ್ಕೆ ಪಂಚಾಯಿತಿಯಲ್ಲಿ ಯಾರೂ ಇಲ್ಲವೇ? ಒಬ್ಬರಿದ್ದಾರೆ. ಹಳ್ಳಿಯವರು ವಿ.ಆರ್.ಡಬ್ಲ್ಯು ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಸ್ವತಃ ಅಂಗವೈಕಲ್ಯ ಇರುವವರನ್ನೇ ಈ ಕೆಲಸಕ್ಕೆ ಆರಿಸುವುದು ಕರ್ನಾಟಕದ ಹೆಮ್ಮೆಯ ಕ್ರಮ. ಮನೆಮನೆ ಸಮೀಕ್ಷೆ, ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ವೈದ್ಯಕೀಯ ಪ್ರಮಾಣಪತ್ರ, ಪಿಂಚಣಿ ಅರ್ಜಿ, ಶಾಲೆ ಬಿಟ್ಟ ಮಗು ಎಲ್ಲದಕ್ಕೂ ಇವರೇ ಓಡಾಡಬೇಕು. ಪೋಲಿಯೊ ಆದ ಕಾಲಿನಲ್ಲಿ ಹತ್ತಾರು ಊರು ಸುತ್ತುವ ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಕಾಯಮಾತಿಯ ಮಾತು ದೂರ. ಕಾನೂನು ಗುರುತಿಸುವ ಅಂಗವೈಕಲ್ಯಗಳ ಸಂಖ್ಯೆಯನ್ನು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21ಕ್ಕೆ ಏರಿಸಿತು. ಆಟಿಸಂ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ತಲಸ್ಸೇಮಿಯ ಎಲ್ಲ ಅದರಲ್ಲಿ ಸೇರಿವೆ. ಇವನ್ನೆಲ್ಲ ಗುರುತಿಸುವ ತರಬೇತಿ ಅದೇ ವೇಗದಲ್ಲಿ ಇವರಿಗೆ ಸಿಕ್ಕಿತೇ? ಬದಲಿಗೆ ಕಚೇರಿಯ ಕಂಪ್ಯೂಟರಿನ ಮುಂದೆ ಕೂರಿಸಿ ಪಂಚಾಯಿತಿಯ ಬೇರೆ ಕೆಲಸ ಮಾಡಿಸಿಕೊಳ್ಳುವುದು ಸಿಕ್ಕಿತು. ಇರುವ ಒಬ್ಬ ಸಮಾಜ ಕಾರ್ಯಕರ್ತರನ್ನೂ ಗುಮಾಸ್ತರನ್ನಾಗಿ ಮಾಡಿಕೊಂಡ ಮೇಲೆ ಸೇವೆ ಸರಿಯಿಲ್ಲ ಎಂದು ದೂರುವುದು ಯಾರನ್ನು?

ವೃದ್ಧಾಪ್ಯ ವೇತನದ ದಾರಿ ಇನ್ನೂ ಬೇರೆ. ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲರ ವೇತನ, ಮನಸ್ವಿನಿ, ಮೈತ್ರಿ ಎಲ್ಲವೂ ಕಂದಾಯ ಇಲಾಖೆಯವು. ಅರ್ಜಿಯನ್ನು ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರದಲ್ಲಿ ಕೊಟ್ಟರೂ ತೀರ್ಮಾನ ಆಗುವುದು ಬೇರೆ ಕಚೇರಿಯಲ್ಲಿ. 1,200 ರೂಪಾಯಿ ಬರುತ್ತಿದ್ದ ಅಜ್ಜಿಗೆ ಒಂದು ತಿಂಗಳು ಹಣ ಬರಲಿಲ್ಲ ಎನ್ನಿ. ಪಂಚಾಯಿತಿಗೆ ಹೋದರೆ ನಾಡಕಚೇರಿಗೆ ಹೋಗಿ ಎನ್ನುತ್ತಾರೆ. ನಾಡಕಚೇರಿಯಲ್ಲಿ ಬ್ಯಾಂಕಿಗೆ ಆಧಾರ್ ಲಿಂಕ್ ಆಗಿಲ್ಲ ಎನ್ನುತ್ತಾರೆ. ಬ್ಯಾಂಕಿನಲ್ಲಿ ಲಿಂಕ್ ಆಗಿದೆ, ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲ ಎನ್ನುತ್ತಾರೆ. ಕೆಲಸ ಮಾಡಿ ಸವೆದ ಬೆರಳಿನ ಗುರುತನ್ನು ಯಂತ್ರ ಹಿಡಿಯುವುದಿಲ್ಲ. ನಡುವೆ ಆಟೊ ಬಾಡಿಗೆ, ಊಟ, ಜೊತೆಗೆ ಬಂದ ಮೊಮ್ಮಗನ ಒಂದು ದಿನದ ಕೂಲಿ. ಒಂದು ತಿಂಗಳ ವೇತನದಲ್ಲಿ ಒಳ್ಳೆಯ ಪಾಲು ಅದನ್ನು ಹುಡುಕುವುದಕ್ಕೇ ಹೋಗುತ್ತದೆ. ಈ ಅಜ್ಜಿಯ ವೇತನ ನಿಂತಿದೆ ಎಂಬುದು ಪಂಚಾಯಿತಿಯ ಯಾವ ಕಡತದಲ್ಲೂ ದಾಖಲಾಗುವುದಿಲ್ಲ, ಏಕೆಂದರೆ ಅದು ಪಂಚಾಯಿತಿಯ ವಿಷಯವೇ ಅಲ್ಲ. ಸಂವಿಧಾನದ ಅನುಸೂಚಿಯಲ್ಲಿ ಪಂಚಾಯಿತಿಯ ವಿಷಯ, ಸರ್ಕಾರದ ಕಡತದಲ್ಲಿ ತಹಶೀಲ್ದಾರರ ವಿಷಯ.

ಬಾಲ್ಯವಿವಾಹದಲ್ಲಿ ಪರಿಸ್ಥಿತಿ ತಿರುವುಮುರುವು. ಇಲ್ಲಿ ಅಧಿಕಾರ ಕೊಟ್ಟಿದ್ದಾರೆ, ಆಸರೆ ಕೊಟ್ಟಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಬಾಲ್ಯವಿವಾಹ ನಿಷೇಧಾಧಿಕಾರಿಯೂ ಹೌದು. ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ಕಾಯ್ದೆಗೆ ತಿದ್ದುಪಡಿ ತಂದ ರಾಜ್ಯ ನಮ್ಮದು. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ಏನು ಹೇಳುತ್ತದೆ? 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರು 2015–16ರ ಸುತ್ತಿನಲ್ಲಿ ಶೇ 21.4, 2019–21ರ ಸುತ್ತಿನಲ್ಲಿ ಶೇ 21.3. ಇಷ್ಟೆಲ್ಲ ಆದೇಶ, ಅಭಿಯಾನ, ಪ್ರಮಾಣವಚನಗಳ ನಂತರ ಇಳಿದದ್ದು ದಶಮಾಂಶ ಒಂದು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗುತ್ತದೆ. ಪೊಲೀಸರು, ಪಿಡಿಒ, ಅಂಗನವಾಡಿ ಮೇಲ್ವಿಚಾರಕಿ ಚಪ್ಪರದ ಮುಂದೆ ಬಂದು ನಿಲ್ಲುತ್ತಾರೆ. ಕೂಗಾಟ, ಸಮಾಧಾನ, ಕೊನೆಗೆ ತಂದೆತಾಯಿಯಿಂದ ಮುಚ್ಚಳಿಕೆ. ಮದುವೆ ತಡೆದ ಸುದ್ದಿ ಮರುದಿನ ಪತ್ರಿಕೆಯಲ್ಲಿ ಬರುತ್ತದೆ, ಕಡತ ಮುಚ್ಚುತ್ತದೆ. ಆ ಹುಡುಗಿ ಸೋಮವಾರ ಶಾಲೆಗೆ ಹೋದಳೇ? ತಿಂಗಳಾದ ಮೇಲೆ ಮನೆಯಲ್ಲೇ ಇದ್ದಾಳೆಯೇ? ಪಕ್ಕದ ತಾಲ್ಲೂಕಿನ ದೇವಸ್ಥಾನದಲ್ಲಿ ಬೆಳಗಿನ ಜಾವ ತಾಳಿ ಕಟ್ಟಿಸಿ ಮುಗಿಸಿದರೇ? ಇದನ್ನು ತಿಳಿಯಬೇಕಾದರೆ ಯಾರಾದರೂ ಎರಡನೆಯ ಸಲ, ಮೂರನೆಯ ಸಲ ಆ ಮನೆಗೆ ಹೋಗಬೇಕು. ಉದ್ಯೋಗ ಖಾತ್ರಿ ಬಿಲ್ಲು, ಕುಡಿಯುವ ನೀರು, ತೆರಿಗೆ ವಸೂಲಿ, ಚುನಾವಣಾ ಕೆಲಸದ ನಡುವೆ ಪಿಡಿಒ ಹೋಗಲಾರರು. ಊರಿನವರನ್ನೇ ಎದುರು ಹಾಕಿಕೊಂಡು, ನಾಳೆ ಅವರ ಮತಕ್ಕೆ ಕೈಮುಗಿಯಬೇಕಾದ ಸದಸ್ಯರಂತೂ ಹೋಗುವುದೇ ಇಲ್ಲ. ಮಕ್ಕಳ ರಕ್ಷಣೆಗೆಂದು ರಚಿಸಿದ ಕಾವಲು ಸಮಿತಿ ಕಾಯುತ್ತಿರುವುದು ತನ್ನ ಸಭೆಯ ನೋಟಿಸನ್ನು.

ಕಣ್ಣಿಗೆ ಕಾಣದ ಕಷ್ಟಗಳ ಗತಿ ಇನ್ನೂ ಕೆಟ್ಟದ್ದು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಇಂದು ತಾಲ್ಲೂಕು ಆಸ್ಪತ್ರೆಯಲ್ಲಿ ಗೊತ್ತಾದ ದಿನ ಮನೋವೈದ್ಯರು ಬರುತ್ತಾರೆ, ಮಾತ್ರೆಯೂ ಸಿಗುತ್ತದೆ. ಆದರೆ ವರ್ಷಗಳಿಂದ ಹಿಂದಿನ ಕೋಣೆಯಲ್ಲಿ ಬೀಗ ಹಾಕಿಸಿಕೊಂಡಿರುವ ಮಗನನ್ನು ಬಸ್ಸು ಹತ್ತಿಸಿ ಕರೆತರುವವರು ಯಾರು? ಮೂರು ತಿಂಗಳಿಗೆ ಮಾತ್ರೆ ಬಿಟ್ಟರೆ ಗಮನಿಸುವವರು ಯಾರು? ಮಕ್ಕಳು ಊರು ಬಿಟ್ಟ ಮೇಲೆ ಹಾಸಿಗೆ ಹಿಡಿದ ಮುದುಕರ ಪ್ರಶ್ನೆಯೂ ಇದೇ. ಹಿರಿಯರ ಪಾಲನೆಯ 2007ರ ಕಾಯ್ದೆ ಅವರಿಗೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯ ಬಾಗಿಲು ತೋರಿಸುತ್ತದೆ. ಹೆತ್ತ ಮಗನ ಮೇಲೆ ದೂರು ಬರೆದುಕೊಂಡು ಅಲ್ಲಿಯವರೆಗೆ ಹೋಗುವ ಮುದುಕಿ ಎಲ್ಲಿದ್ದಾಳೆ? ಗೃಹಲಕ್ಷ್ಮಿಯ ಎರಡು ಸಾವಿರ ನೇರ ಖಾತೆಗೆ ಬೀಳುವುದು ಒಳ್ಳೆಯದೇ, ನಡುವೆ ಕೈ ಹಾಕುವವರಿಲ್ಲ. ಆದರೆ ಖಾತೆಗೆ ಹಣ ಬಿದ್ದ ಮಾತ್ರಕ್ಕೆ ಹಾಸಿಗೆ ಹುಣ್ಣು ಮಾಯುವುದಿಲ್ಲ.

ನಗರಗಳು ಮೇಲೇನಲ್ಲ. ನಮ್ಮ ಆಸ್ತಿ ತೆರಿಗೆ ರಸೀದಿಯಲ್ಲಿ ಭಿಕ್ಷುಕರ ಕರ ಎಂಬ ಸಾಲು ಇರುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ತೆರಿಗೆಯ ಮೇಲೆ ಶೇ 3ರಷ್ಟು ಸಂಗ್ರಹಿಸಿ ಕೇಂದ್ರ ಪರಿಹಾರ ಸಮಿತಿಗೆ ಕಟ್ಟಬೇಕು. ನಾಗರಿಕರು ಕಟ್ಟಿಯೇ ಕಟ್ಟುತ್ತಾರೆ. ಸಂಸ್ಥೆಗಳು ಅದನ್ನು ಸಮಿತಿಗೆ ದಾಟಿಸದೆ ಬಾಕಿ ಉಳಿಸಿಕೊಳ್ಳುವುದು ಹಳೆಯ ರೂಢಿ. 2010ರಲ್ಲಿ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಸಾಲುಸಾಲು ಸಾವುಗಳಾದಾಗ ನಾಡು ಬೆಚ್ಚಿಬಿದ್ದಿತ್ತು. ಆಗ ಎದ್ದ ಪ್ರಶ್ನೆಗಳಲ್ಲಿ ಒಂದು ಇವತ್ತಿಗೂ ಹಾಗೇ ಇದೆ: ಬೀದಿಯಲ್ಲಿ ಮಲಗಿದವರ ಹೆಸರಿನಲ್ಲಿ ತೆರಿಗೆ ಎತ್ತುವ ನಗರಸಭೆ, ತನ್ನ ಊರಿನ ಬೀದಿಯಲ್ಲಿ ಎಷ್ಟು ಜನ ಮಲಗಿದ್ದಾರೆ ಎಂದು ಹೇಳಬಲ್ಲುದೇ?

ಪಂಚಾಯಿತಿಗಳಿಗೆ ಇದೆಲ್ಲ ಆಗದ ಕೆಲಸ ಎನ್ನುವ ವಾದವನ್ನು ನಾವು ಒಪ್ಪುವುದಿಲ್ಲ. ಕೊರೊನಾ ಕಾಲದಲ್ಲಿ ಗ್ರಾಮ ಪಂಚಾಯಿತಿ ಕಾರ್ಯಪಡೆಗಳು ಯಾರ ಮನೆಗೆ ಯಾವ ಊರಿನಿಂದ ಯಾರು ಬಂದರು, ಯಾರಿಗೆ ರೇಷನ್ ಇಲ್ಲ, ಯಾರಿಗೆ ಸಕ್ಕರೆ ಕಾಯಿಲೆ ಎಂದು ಬರೆದಿಟ್ಟವು. ಆಶಾ ಕಾರ್ಯಕರ್ತೆಯರು ಪ್ರಾಣದ ಹಂಗು ತೊರೆದು ಮನೆಮನೆಗೆ ಹೋದರು. ಇನ್ನೊಂದು ಉದಾಹರಣೆ ಗ್ರಾಮೀಣ ಗ್ರಂಥಾಲಯ. 2019ರಲ್ಲಿ ಅವನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಿ ಪಂಚಾಯಿತಿಯ ಕೈಗೆ ಕೊಟ್ಟ ಮೇಲೆ ಧೂಳು ಹಿಡಿದಿದ್ದ ಎಷ್ಟೋ ಕೋಣೆಗಳು ಮಕ್ಕಳಿಂದ ತುಂಬಿದ ಅರಿವು ಕೇಂದ್ರಗಳಾದವು. ಅಲ್ಲಿ ಕೆಲಸವನ್ನೂ ಕೊಟ್ಟರು, ಅದನ್ನು ಮಾಡುವ ಮೇಲ್ವಿಚಾರಕರನ್ನೂ ಕೊಟ್ಟರು, ಹಣವನ್ನೂ ಕೊಟ್ಟರು. ಮೂರೂ ಒಟ್ಟಿಗೆ ಬಂದಲ್ಲಿ ಪಂಚಾಯಿತಿ ಗೆದ್ದಿದೆ. ‘ಕೂಸಿನ ಮನೆ’ಗೆ ಈ ಮಾತು ಎಚ್ಚರಿಕೆಯಾಗಬೇಕು. 4,000 ಪಂಚಾಯಿತಿಗಳಲ್ಲಿ ದುಡಿಯುವ ತಾಯಂದಿರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ತೆರೆಯುವುದೆಂದು 2023ರ ಬಜೆಟ್ಟಿನಲ್ಲಿ ಘೋಷಿಸಿದ್ದು ದೊಡ್ಡ ಯೋಚನೆ. ಆದರೆ ಆರೈಕೆ ಮಾಡುವವರಿಗೆ ಉದ್ಯೋಗ ಖಾತ್ರಿಯ ಕೂಲಿ, ದಿನಗಳು ಮುಗಿದೊಡನೆ ಬೇರೊಬ್ಬರ ಪಾಳಿ. ಎರಡು ವರ್ಷದ ಕೂಸಿಗೆ ಬೇಕಾದದ್ದು ದಿನವೂ ಕಾಣುವ ಒಂದೇ ಮುಖ ಎಂಬುದು ಹೆತ್ತವರಿಗೆಲ್ಲ ಗೊತ್ತು.

ಪಕ್ಕದ ಕೇರಳ ಏನು ಮಾಡಿತು ಎಂದು ನೋಡುವುದು ತಪ್ಪಲ್ಲ. 2008ರಲ್ಲಿ ಅದು ಉಪಶಾಮಕ ಆರೈಕೆಗೆ ನೀತಿ ರೂಪಿಸಿ, ಹಾಸಿಗೆ ಹಿಡಿದವರ ಮನೆಗೆ ನರ್ಸ್ ಕಳಿಸುವ ಹೊಣೆಯನ್ನು ಪಂಚಾಯಿತಿಗಳಿಗೆ ಒಪ್ಪಿಸಿತು. ಬುದ್ಧಿಮಾಂದ್ಯ ಮಕ್ಕಳಿಗಾಗಿ ಪಂಚಾಯಿತಿಗಳೇ ನಡೆಸುವ ‘ಬಡ್ಸ್’ ಶಾಲೆಗಳು 2004ರಿಂದ ಬಂದವು. ಕನ್ನಡಿಗರೂ ಇರುವ ಕಾಸರಗೋಡು ಜಿಲ್ಲೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಮಕ್ಕಳು ಹಗಲು ಕಳೆಯುವುದು ಇಂಥ ಶಾಲೆಗಳಲ್ಲಿ. ಗಡಿಯ ಈಚೆಗೆ ದಕ್ಷಿಣ ಕನ್ನಡದಲ್ಲೂ ಗೇರು ತೋಪುಗಳ ಮೇಲೆ ಅದೇ ವಿಷ ಸುರಿದಿತ್ತು, ಅದೇ ನೋವು ಉಳಿದಿತ್ತು. ಕೊಕ್ಕಡ, ಕೊಯಿಲದ ಪಾಲನಾ ಕೇಂದ್ರಗಳು ಬಂದದ್ದು ಹೋರಾಟದಿಂದ, ನ್ಯಾಯಾಲಯದಿಂದ, ಜಿಲ್ಲಾಡಳಿತದಿಂದ. ಪಂಚಾಯಿತಿ ಆ ಚಿತ್ರದಲ್ಲಿ ಇರಲೇ ಇಲ್ಲ. ಕಡುಬಡವರನ್ನು ಗುರುತಿಸಲು ಕೇರಳ ವಾರ್ಡುವಾರು ಹುಡುಕಿ 64,006 ಕುಟುಂಬಗಳ ಪಟ್ಟಿ ಮಾಡಿತು, ಒಂದೊಂದು ಕುಟುಂಬಕ್ಕೂ ಬೇರೆ ಬೇರೆ ಯೋಜನೆ ಬರೆಯಿತು. ಕಡುಬಡತನ ಮುಗಿಯಿತು ಎಂಬ 2025ರ ಘೋಷಣೆಯ ಬಗ್ಗೆ ಅಲ್ಲಿಯೇ ತಕರಾರುಗಳಿವೆ, ಇರಲಿ. ತಕರಾರು ಮಾಡಲಿಕ್ಕಾದರೂ ಅವರ ಕೈಯಲ್ಲಿ ಒಂದು ಪಟ್ಟಿ ಇದೆ. ಕೇರಳದ ಪಂಚಾಯಿತಿಗಳು ನಮ್ಮವಕ್ಕಿಂತ ಎಷ್ಟೋ ದೊಡ್ಡವು, ಅಲ್ಲಿರುವುದು 941 ಮಾತ್ರ, ನಮ್ಮಲ್ಲಿ ಸುಮಾರು ಆರು ಸಾವಿರ ಎಂಬ ಸಮಜಾಯಿಷಿ ನಿಜವೇ. ಪ್ರತಿ ಪಂಚಾಯಿತಿಗೆ ಆಗದಿದ್ದರೆ ನಾಲ್ಕೈದಕ್ಕೆ ಒಂದು ಎಂಬ ದಾರಿ ಇದ್ದೇ ಇದೆ.

ಸೇವೆಯನ್ನು ಅಳೆಯುವುದು ಹೇಗೆ ಎಂಬುದಕ್ಕೆ ಇನ್ನೂ ದೂರದ ಒಂದು ಪಾಠವಿದೆ. ಇಂಗ್ಲೆಂಡಿನಲ್ಲಿ ಮಕ್ಕಳ ರಕ್ಷಣೆಯ ಹೊಣೆ ಸ್ಥಳೀಯ ಸಂಸ್ಥೆಗಳದ್ದು. 2000ದಲ್ಲಿ ಲಂಡನ್ನಿನಲ್ಲಿ ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿ ಎಂಬ ಬಾಲಕಿ ಸಾಕಿದವರ ಚಿತ್ರಹಿಂಸೆಯಿಂದ ಸತ್ತಳು. ಲಾರ್ಡ್ ಲ್ಯಾಮಿಂಗ್ ವಿಚಾರಣೆ 2003ರಲ್ಲಿ ವರದಿ ಕೊಟ್ಟು, ಆಕೆಯನ್ನು ಉಳಿಸಬಹುದಾಗಿದ್ದ 12 ಸಂದರ್ಭಗಳನ್ನು ಒಂದೊಂದಾಗಿ ಎತ್ತಿ ತೋರಿಸಿತು. ಕಾನೂನು ಬದಲಾಯಿತು. ಈಗ ಆಫ್‌ಸ್ಟೆಡ್ ಎಂಬ ಸಂಸ್ಥೆಯ ಪರಿವೀಕ್ಷಕರು ಮಕ್ಕಳ ಕಡತಗಳನ್ನೇ ಓದಿ, ಕಾರ್ಯಕರ್ತರನ್ನೂ ಮಕ್ಕಳನ್ನೂ ಮಾತಾಡಿಸಿ, ನಾಲ್ಕು ದರ್ಜೆಗಳಲ್ಲಿ ತೀರ್ಪು ಕೊಡುತ್ತಾರೆ, ಅದನ್ನು ಪ್ರಕಟಿಸುತ್ತಾರೆ. ವರ್ಷಗಟ್ಟಲೆ ಅಸಮರ್ಪಕ ಎನಿಸಿಕೊಂಡ ಬರ್ಮಿಂಗ್‌ಹ್ಯಾಮ್ ನಗರ ಸಂಸ್ಥೆ 2018ರಲ್ಲಿ ಮಕ್ಕಳ ಸೇವೆಯನ್ನು ಪ್ರತ್ಯೇಕ ಟ್ರಸ್ಟಿಗೆ ಒಪ್ಪಿಸಬೇಕಾಯಿತು. ಅಲ್ಲೂ ಎಲ್ಲ ಸರಿಯಿಲ್ಲ. ಆದರೆ ಕೆಟ್ಟ ಸೇವೆಯನ್ನು ಕೆಟ್ಟದ್ದು ಎಂದು ಬರೆದು ಸಹಿ ಹಾಕುವವರೊಬ್ಬರಿದ್ದಾರೆ. ನಮ್ಮ ಗ್ರಾಮ ಪಂಚಾಯಿತಿಗಳು ಬಳಸುವ ಪಂಚತಂತ್ರ ತಂತ್ರಾಂಶದಲ್ಲಿ ರೂಪಾಯಿಗೆ ಅಂಕಣವಿದೆ, ಸಭೆಗೆ ಅಂಕಣವಿದೆ. ತಡೆದ ಮದುವೆಯ ಹುಡುಗಿ ಈಗ ಎಲ್ಲಿದ್ದಾಳೆ ಎಂಬುದಕ್ಕೂ ಒಂದು ಅಂಕಣ ಬೇಕು.

ಸರ್ಕಾರದ ಮುಂದೆ ನಾಲ್ಕು ಬೇಡಿಕೆಗಳನ್ನು ಇಡುತ್ತೇವೆ. ಒಂದು, ಹೋಬಳಿಗೊಬ್ಬರಂತಾದರೂ ತರಬೇತಾದ ಸಮಾಜ ಕಾರ್ಯಕರ್ತರನ್ನು ಪೂರ್ಣ ಸಂಬಳದ ಮೇಲೆ ನೇಮಿಸಿ. 1960ರಲ್ಲಿ ಶುರುವಾದ ಮಂಗಳೂರಿನ ರೋಶನಿ ನಿಲಯದಿಂದ ಹಿಡಿದು ರಾಜ್ಯದ ವಿಶ್ವವಿದ್ಯಾಲಯಗಳವರೆಗೆ ವರ್ಷವೂ ಎಂ.ಎಸ್.ಡಬ್ಲ್ಯು ಪದವೀಧರರು ಹೊರಬರುತ್ತಿದ್ದಾರೆ, ಜನರಿಗೆ ಬರವಿಲ್ಲ. ಎರಡು, ವಿ.ಆರ್.ಡಬ್ಲ್ಯುಗಳಿಗೆ ಸೇವಾಭದ್ರತೆ ಕೊಡಿ, ಕಚೇರಿ ಕೆಲಸದಿಂದ ಬಿಡಿಸಿ. ಮೂರು, ನಿಂತುಹೋದ ಪಿಂಚಣಿಯನ್ನು ದಾಖಲಿಸಿ, ಕಂದಾಯ ಇಲಾಖೆಯಿಂದ ಗೊತ್ತಾದ ದಿನಗಳೊಳಗೆ ಉತ್ತರ ಪಡೆಯುವ ಅಧಿಕಾರವನ್ನು ಪಂಚಾಯಿತಿಗೆ ಕೊಡಿ. ನಾಲ್ಕು, ಸ್ವಂತ ಆದಾಯ ಕಡಿಮೆಯಿರುವ ಪಂಚಾಯಿತಿಗಳ ಶೇ 5ರ ನಿಧಿಗೆ ರಾಜ್ಯವೇ ಪೂರಕ ಹಣ ಸೇರಿಸಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ.

ಇದನ್ನೆಲ್ಲ ಕೇಳಬೇಕಾದ ಜನಪ್ರತಿನಿಧಿಗಳ ಕುರ್ಚಿಗಳೇ ಖಾಲಿಯಿದ್ದವು ಎಂಬುದನ್ನೂ ಹೇಳಬೇಕು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದರೂ ವರ್ಷಗಟ್ಟಲೆ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳ ಕೈಗೆ ಕೊಟ್ಟ ರಾಜ್ಯ ನಮ್ಮದು. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ ಇಡೀ ದೇಶಕ್ಕೆ ದಾರಿ ತೋರಿಸಿದ ನಾಡಿಗೆ ಇದು ಶೋಭೆಯಲ್ಲ. ಹಳ್ಳಿಯ ದೂರು ಪಂಚಾಯಿತಿಯಿಂದ ಮೇಲಕ್ಕೆ ಹತ್ತಬೇಕಾದ ಎರಡು ಮೆಟ್ಟಿಲನ್ನೇ ಕಿತ್ತಿಟ್ಟು, ಅಧಿಕಾರ ಹಂಚಿಕೆಯಲ್ಲಿ ಮೊದಲ ಸ್ಥಾನದ ಪ್ರಶಸ್ತಿಯನ್ನು ಗೋಡೆಗೆ ತೂಗುಹಾಕಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಉಳಿದದ್ದು ನಮ್ಮ ಕೈಯಲ್ಲಿದೆ. ಗ್ರಾಮಸಭೆಯ ಜೊತೆಗೆ ಮಹಿಳಾ ಗ್ರಾಮಸಭೆ, ವಿಕಲಚೇತನರ ಸಮನ್ವಯ ಗ್ರಾಮಸಭೆ, ಮಕ್ಕಳ ಗ್ರಾಮಸಭೆ ಎಲ್ಲವೂ ನಮಗಿವೆ. ಕುಂದಾಪುರ ಸೀಮೆಯ ಮಕ್ಕಳು 1990ರ ದಶಕದಲ್ಲೇ ತಮ್ಮದೇ ಮಕ್ಕಳ ಪಂಚಾಯಿತಿ ಕಟ್ಟಿಕೊಂಡು ದೊಡ್ಡವರಿಗೆ ಪ್ರಶ್ನೆ ಕೇಳಿದವರು. ಇಂದು ಎಷ್ಟೋ ಮಕ್ಕಳ ಗ್ರಾಮಸಭೆಗಳು ಭಾಷಣ, ಬಿಸ್ಕತ್ತು, ವಂದನಾರ್ಪಣೆಯಲ್ಲಿ ಮುಗಿಯುತ್ತವೆ. ಕಳೆದ ವರ್ಷ ಶಾಲೆಯ ಶೌಚಾಲಯ ಕೇಳಿದ ಹುಡುಗಿ ಈ ವರ್ಷವೂ ಅದನ್ನೇ ಕೇಳುತ್ತಾಳೆ. ಓದುಗರಲ್ಲಿ ನಮ್ಮ ವಿನಂತಿ ಒಂದೇ. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗಿ. ಎಷ್ಟು ಖರ್ಚು ಮಾಡಿದಿರಿ ಎಂದು ಕೇಳಬೇಡಿ, ಆ ಉತ್ತರ ಅವರ ಬಳಿ ಸಿದ್ಧವಿರುತ್ತದೆ. ನಮ್ಮ ಪಂಚಾಯಿತಿಯಲ್ಲಿ ಪಿಂಚಣಿ ನಿಂತವರು, ಹಾಸಿಗೆ ಹಿಡಿದವರು, ಶಾಲೆ ಬಿಟ್ಟವರು ಯಾರು ಯಾರು, ಅವರ ಮನೆಗೆ ಕೊನೆಯ ಸಲ ಹೋದವರು ಯಾರು, ಯಾವತ್ತು ಎಂದು ಕೇಳಿ. ಹೆಸರುಗಳನ್ನು ಸಭೆಯಲ್ಲಿ ಕೂಗಿ ಹೇಳಬೇಕಿಲ್ಲ, ಪಟ್ಟಿ ಇದೆಯೇ ಎಂಬುದಷ್ಟು ತಿಳಿದರೆ ಸಾಕು. ಪಟ್ಟಿ ಇಲ್ಲ ಎಂದಾದರೆ, ಅದನ್ನು ತಯಾರಿಸುತ್ತೇವೆ ಎಂಬ ಠರಾವನ್ನು ಅದೇ ದಿನ ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಹೊರಡಿ.